ಪುರುಷರ ಪ್ರಜನನ ಆರೋಗ್ಯ: ತಿಳಿವಳಿಕೆ ಮತ್ತು ಪಾಲನೆ

ಕುಟುಂಬ ಕಲ್ಯಾಣವೆಂದೊಡನೆ ತಾಯಿ ಮತ್ತು ಮಗುವಿನ ಚಿತ್ರ ಕಣ್ಣ ಮುಂದೆ ಬರುತ್ತದೆ. ತಂದೆಯಾಗಲಿರುವವನ, ತಂದೆಯಾದವನ, ಇನ್ನೂ ಮೀಸೆ ಮೂಡದ ಹುಡುಗನ ದೇಹದ ವಿಚಾರ ಅಷ್ಟಾಗಿ ಪ್ರಸ್ತಾಪಕ್ಕೆ ಬರುವುದಿಲ್ಲ. ಮನೆಯಲ್ಲಿ ಅದು ಸಂಕೋಚದ ಮಾತು, ಶಾಲೆಯಲ್ಲಿ ಬಿಟ್ಟುಬಿಡುವ ಪಾಠ, ಗೆಳೆಯರ ನಡುವೆ ಹಾಸ್ಯದ ವಸ್ತು. ಆದುದರಿಂದ ಬಹುಮಂದಿ ಪುರುಷರಿಗೆ ಈ ವಿಷಯದಲ್ಲಿ ಮೊದಲ ಗುರುವಾಗಿ ದೊರೆಯುವುದು ಗೋಡೆಯ ಮೇಲಿನ ಜಾಹೀರಾತು.

ಠಾಣೆ ಜಿಲ್ಲೆಯ ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿ ಪ್ರದೇಶವನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ಎರಡನೆಯ ಮಹಾಯುದ್ಧದ ಕಾಲದ ಸೇನಾ ಶಿಬಿರದ ನೆಲದಲ್ಲಿ, ದೇಶ ವಿಭಜನೆಯಿಂದ ನಿರಾಶ್ರಿತರಾಗಿ ಬಂದ ಸಿಂಧಿ ಕುಟುಂಬಗಳಿಗೆ ನೆಲೆಯಾಗಿ 1949ರಲ್ಲಿ ಉಲ್ಹಾಸನಗರ ರೂಪುಗೊಂಡಿತು. ಇಂದಿಗೂ ಅಲ್ಲಿನ ಬಡಾವಣೆಗಳನ್ನು ಕ್ಯಾಂಪ್ 1, ಕ್ಯಾಂಪ್ 2 ಎಂದೇ ಕರೆಯುತ್ತಾರೆ. ಕಾಲಕ್ರಮದಲ್ಲಿ ಹೊಲಿಗೆ, ಬಣ್ಣ, ರಾಸಾಯನಿಕ ಮತ್ತು ಜೀನ್ಸ್ ಬಟ್ಟೆಯ ಉದ್ಯಮಗಳು ಸುತ್ತಮುತ್ತ ಬೆಳೆದವು. ದೇಶದ ನಾನಾ ಭಾಗಗಳಿಂದ ದುಡಿಯುವ ಪುರುಷರು ಬಂದರು. ಡೊಂಬಿವಲಿ ಮತ್ತು ಕಲ್ಯಾಣಗಳಲ್ಲಿ ನೆಲೆಸಿದ ಕನ್ನಡಿಗರ ಸಂಖ್ಯೆಯೂ ಸಣ್ಣದಲ್ಲ. ಇವರಲ್ಲಿ ಅನೇಕರು ದಿನಕ್ಕೆ ಮೂರು ನಾಲ್ಕು ಗಂಟೆಗಳನ್ನು ಲೋಕಲ್ ರೈಲಿನಲ್ಲಿ ಕಳೆಯುತ್ತಾರೆ. ಹಳಿಯ ಪಕ್ಕದ ಗೋಡೆಗಳಲ್ಲಿಯೂ ಬೋಗಿಯ ಒಳಗೆ ಅಂಟಿಸಿದ ಚೀಟಿಗಳಲ್ಲಿಯೂ "ಗುಪ್ತರೋಗ", "ಬಾಲ್ಯದ ತಪ್ಪು", "ಮರಳಿ ಯೌವನ" ಎಂಬ ಮಾತುಗಳನ್ನು ಅವರು ವರ್ಷಗಟ್ಟಲೆ ಓದುತ್ತಾ ಬಂದಿದ್ದಾರೆ. ಓದಿದ್ದು ಮನಸ್ಸಿನಲ್ಲಿ ಉಳಿಯುತ್ತದೆ. ದೇಹದಲ್ಲಿ ಏನಾದರೂ ಸಂಶಯ ಬಂದಾಗ ನೆನಪಾಗುವುದು ಸಹ ಅದೇ ವಿಳಾಸ.

ವೃಷಣಗಳ ಕಾರ್ಯ

ಪುರುಷನ ಪ್ರಜನನ ವ್ಯವಸ್ಥೆಯ ಮುಖ್ಯ ಅಂಗಗಳು ಎರಡು ವೃಷಣಗಳು. ಇವು ಎರಡು ಕೆಲಸಗಳನ್ನು ಮಾಡುತ್ತವೆ: ವೀರ್ಯಾಣುಗಳ ಉತ್ಪಾದನೆ ಮತ್ತು ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನಿನ ಸ್ರವಿಕೆ. ಗಡ್ಡ ಮೀಸೆ, ಧ್ವನಿಯ ಗಡಸು, ಸ್ನಾಯುಗಳ ಬಲ, ಲೈಂಗಿಕ ಆಸಕ್ತಿ ಇವೆಲ್ಲ ಈ ಹಾರ್ಮೋನನ್ನು ಅವಲಂಬಿಸಿವೆ. ವೀರ್ಯಾಣುಗಳು ಬೆಳೆಯಲು ದೇಹದ ಸಾಮಾನ್ಯ ಉಷ್ಣತೆಗಿಂತ ಎರಡು ಮೂರು ಡಿಗ್ರಿ ಸೆಲ್ಸಿಯಸ್ ಕಡಿಮೆ ಉಷ್ಣತೆ ಬೇಕು. ವೃಷಣಗಳು ಹೊಟ್ಟೆಯೊಳಗಿರದೆ ಹೊರಗಿನ ಚೀಲದಲ್ಲಿರುವುದು ಈ ಕಾರಣಕ್ಕಾಗಿ. ಗಂಡು ಮಗು ಹುಟ್ಟಿದಾಗ ವೃಷಣ ಕೆಳಗಿಳಿದಿರದಿದ್ದರೆ ಆರು ತಿಂಗಳವರೆಗೆ ಕಾಯಬಹುದು. ಅನಂತರವೂ ಇಳಿಯದಿದ್ದರೆ ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. "ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತದೆ" ಎಂದು ಹಿರಿಯರು ಹೇಳುವುದುಂಟು. ಹಾಗೆ ಬಿಟ್ಟ ಮಕ್ಕಳಲ್ಲಿ ಮುಂದೆ ಸಂತಾನಶಕ್ತಿ ಕುಗ್ಗುವ ಸಂಭವವೂ ಆ ವೃಷಣದಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುವ ಸಂಭವವೂ ಹೆಚ್ಚು.

ಒಂದು ವೀರ್ಯಾಣು ಆರಂಭದಿಂದ ಪಕ್ವವಾಗಿ ಹೊರಬರುವವರೆಗೆ ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಈ ಅಂಶವನ್ನು ನೆನಪಿನಲ್ಲಿಟ್ಟರೆ ಅನೇಕ ವಿಷಯಗಳು ಸ್ಪಷ್ಟವಾಗುತ್ತವೆ. ಇಂದು ಬಂದ ತೀವ್ರ ಜ್ವರದ ಪರಿಣಾಮ ವೀರ್ಯ ಪರೀಕ್ಷೆಯಲ್ಲಿ ವಾರಗಳ ನಂತರ ಕಾಣಬಹುದು. ಇಂದು ಬಿಟ್ಟ ತಂಬಾಕಿನ ಫಲವೂ ನಾಳೆಯೇ ಕಾಣುವುದಿಲ್ಲ. ಒಂದು ವಾರದಲ್ಲಿ ವೀರ್ಯಾಣು ಹೆಚ್ಚಿಸುವ ಔಷಧಿಯೆಂದು ಹೇಳುವವರ ಮಾತು ದೇಹದ ಲೆಕ್ಕಕ್ಕೇ ಹೊಂದುವುದಿಲ್ಲ.

"ಧಾತು ನಷ್ಟ" ಎಂಬ ಭಯ

ನಲವತ್ತು ಹನಿ ರಕ್ತದಿಂದ ಒಂದು ಹನಿ ವೀರ್ಯ ಉಂಟಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಕೆಲವೆಡೆ ನೂರು ಹನಿ ಎನ್ನುತ್ತಾರೆ. ಎಣಿಸಿದವರು ಯಾರೋ ತಿಳಿಯದು. ವಾಸ್ತವವಾಗಿ ವೀರ್ಯವು ರಕ್ತದ ಸಾರವಲ್ಲ. ಅದರ ಬಹುಭಾಗ ವೀರ್ಯಕೋಶಗಳಿಂದಲೂ ಪ್ರಾಸ್ಟೇಟ್ ಗ್ರಂಥಿಯಿಂದಲೂ ಬರುವ ದ್ರವ. ವೃಷಣಗಳಿಂದ ಬರುವ ವೀರ್ಯಾಣುಗಳ ಪಾಲು ನೂರಕ್ಕೆ ಐದನ್ನು ಮೀರುವುದು ಅಪರೂಪ. ಬಾಯಲ್ಲಿ ಜೊಲ್ಲು ಊರುವಂತೆ ಈ ದ್ರವವೂ ಊರುತ್ತಲೇ ಇರುತ್ತದೆ. ಹರೆಯದ ಹುಡುಗರಿಗೆ ನಿದ್ರೆಯಲ್ಲಿ ಸ್ಖಲನವಾಗುವುದು ಸಹಜ. ಹಸ್ತಮೈಥುನದಿಂದ ನಿಶ್ಶಕ್ತಿ, ದೃಷ್ಟಿದೋಷ, ನೆನಪಿನ ಕೊರತೆ, ಅಂಗದ ಕುಗ್ಗುವಿಕೆ ಇವಾವುವೂ ಉಂಟಾಗುವುದಿಲ್ಲ.

ಆದರೆ ಭಯದಿಂದ ಬರುವ ಬಳಲಿಕೆ ಮಾತ್ರ ನಿಜವಾದದ್ದು. ವೀರ್ಯ ಸೋರಿಹೋಗುತ್ತಿದೆ ಎಂಬ ಕೊರಗಿನಿಂದ ನಿದ್ರೆ, ಹಸಿವು, ಉತ್ಸಾಹಗಳನ್ನು ಕಳೆದುಕೊಳ್ಳುವ ಯುವಕರ ಸ್ಥಿತಿಯನ್ನು ಮನೋವೈದ್ಯ ಡಾ. ಎನ್. ಎನ್. ವಿಗ್ ಅವರು 1960ರಲ್ಲಿ "ಧಾತು ಸಿಂಡ್ರೋಮ್" ಎಂದು ಹೆಸರಿಸಿ ವೈದ್ಯಶಾಸ್ತ್ರದ ಗಮನಕ್ಕೆ ತಂದರು. ಇಂಥವರಿಗೆ ಬೇಕಾದದ್ದು ಲೇಹ್ಯವಲ್ಲ, ಸಾವಧಾನದ ವಿವರಣೆ; ಖಿನ್ನತೆ ಹೆಚ್ಚಾಗಿದ್ದರೆ ಅದಕ್ಕೆ ಚಿಕಿತ್ಸೆ.

ಈ ವಿವರಣೆಯನ್ನು ಸಾರ್ವಜನಿಕವಾಗಿ ಕೊಡಲು ಹೊರಟವರು ಹಿಂದೆ ತೆತ್ತ ಬೆಲೆ ಕಡಿಮೆಯದಲ್ಲ. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು 1921ರಲ್ಲಿ ಸಂತಾನ ನಿಯಂತ್ರಣ ಸಲಹಾ ಕೇಂದ್ರವನ್ನು ತೆರೆದರು. ಅವರು ಗಣಿತದ ಪ್ರಾಧ್ಯಾಪಕರು. ಈ ಪ್ರಚಾರಕಾರ್ಯದ ದೆಸೆಯಿಂದ ಕಾಲೇಜಿನ ಉದ್ಯೋಗವನ್ನು ಬಿಡಬೇಕಾಯಿತು. 1927ರಿಂದ "ಸಮಾಜಸ್ವಾಸ್ಥ್ಯ" ಎಂಬ ಮರಾಠಿ ಮಾಸಪತ್ರಿಕೆಯನ್ನು ನಡೆಸಿ, ಓದುಗರು ಬರೆದು ಕೇಳಿದ ಲೈಂಗಿಕ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸಿದರು. ಆ ಉತ್ತರಗಳು ಅಶ್ಲೀಲವೆಂದು ಅವರ ಮೇಲೆ ಮೊಕದ್ದಮೆ ನಡೆಯಿತು. 1934ರಲ್ಲಿ ಅವರ ಪರವಾಗಿ ವಾದಿಸಿದ ವಕೀಲರು ಡಾ. ಬಿ. ಆರ್. ಅಂಬೇಡ್ಕರ್. ಮೊಕದ್ದಮೆ ಸೋತಿತಾದರೂ ಪತ್ರಿಕೆ ನಿಲ್ಲಲಿಲ್ಲ. 1953ರಲ್ಲಿ ಕರ್ವೆಯವರು ನಿಧನರಾಗುವವರೆಗೂ ಅದು ಹೊರಬಂದಿತು. ಆಗ ಓದುಗರು ಅಂಚೆಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳೇ ಇಂದಿಗೂ ವೈದ್ಯರ ಮುಂದೆ ತಗ್ಗಿದ ದನಿಯಲ್ಲಿ ಬರುತ್ತಿವೆ.

ಗೋಡೆಯ ವೈದ್ಯರೂ ಕಾನೂನೂ

1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯಿದೆಯ ಪ್ರಕಾರ ಲೈಂಗಿಕ ಸಾಮರ್ಥ್ಯವನ್ನು ಹೆಚ್ಚಿಸುವುದಾಗಿ ಹೇಳಿ ಔಷಧಿಯ ಜಾಹೀರಾತು ಕೊಡುವುದು ಅಪರಾಧ. ಜಾಹೀರಾತು ಎಂಬ ಪದಕ್ಕೆ ಕಾಯಿದೆ ಕೊಡುವ ಅರ್ಥ ವಿಶಾಲವಾದುದು. ಚೀಟಿ, ಸುತ್ತೋಲೆಗಳಷ್ಟೇ ಅಲ್ಲದೆ ಬಾಯಿಮಾತಿನಿಂದ, ಬೆಳಕಿನಿಂದ, ಶಬ್ದದಿಂದ, ಹೊಗೆಯಿಂದ ಮಾಡುವ ಪ್ರಚಾರವೂ ಅದರಲ್ಲಿ ಸೇರಿದೆ. ಇಷ್ಟಾಗಿಯೂ ಗೋಡೆಗಳು ಖಾಲಿಯಾಗಿಲ್ಲ. ನಾಚಿಕೆಯಿಂದ ಹೋದವನು ನಾಚಿಕೆಯಿಂದಲೇ ದೂರು ಕೊಡುವುದಿಲ್ಲ. ಈ ವ್ಯಾಪಾರ ನಿಂತಿರುವುದು ಈ ಲೆಕ್ಕಾಚಾರದ ಮೇಲೆ.

ಹಣದ ನಷ್ಟಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಗಿಡಮೂಲಿಕೆಯೆಂದು ಮಾರುವ ಕೆಲವು ಪುಡಿಗಳಲ್ಲಿ ಸಿಲ್ಡೆನಾಫಿಲ್ ಎಂಬ ಔಷಧಿಯನ್ನು ಗುಟ್ಟಾಗಿ ಬೆರೆಸಿರುವುದು ಅನೇಕ ದೇಶಗಳ ಪರೀಕ್ಷೆಗಳಲ್ಲಿ ಕಂಡುಬಂದಿದೆ. ವೈದ್ಯರ ಸಲಹೆಯ ಮೇರೆಗೆ ತೆಗೆದುಕೊಂಡಾಗ ಇದು ಉಪಯುಕ್ತ ಔಷಧಿಯೇ. ಆದರೆ ಎದೆನೋವಿಗೆ ನೈಟ್ರೇಟ್ ಗುಳಿಗೆ ಸೇವಿಸುವವರು ಇದನ್ನು ತಿಳಿಯದೆ ತೆಗೆದುಕೊಂಡರೆ ರಕ್ತದೊತ್ತಡ ಹಠಾತ್ತನೆ ಕುಸಿದು ಪ್ರಾಣಕ್ಕೆ ಎರವಾಗಬಹುದು. ವ್ಯಾಯಾಮಶಾಲೆಗಳಲ್ಲಿ ಮೈಕಟ್ಟಿಗಾಗಿ ಕೊಡುವ ಟೆಸ್ಟೊಸ್ಟೆರೋನ್ ಮತ್ತು ಅದರಂಥ ಸ್ಟೆರಾಯಿಡ್ ಚುಚ್ಚುಮದ್ದುಗಳ ವಿಚಾರದಲ್ಲಿಯೂ ಎಚ್ಚರ ಅಗತ್ಯ. ಹೊರಗಿನಿಂದ ಹಾರ್ಮೋನು ಬಂದಾಗ ಮೆದುಳು ವೃಷಣಗಳಿಗೆ ಕಳುಹಿಸುವ ಆದೇಶವನ್ನು ನಿಲ್ಲಿಸುತ್ತದೆ. ವೃಷಣಗಳು ಕುಗ್ಗಿ ವೀರ್ಯಾಣುಗಳ ಉತ್ಪಾದನೆ ಸ್ಥಗಿತಗೊಳ್ಳಬಹುದು. ಗಂಡಸುತನದ ಹೆಸರಿನಲ್ಲಿ ಮಾರಾಟವಾಗುವ ವಸ್ತುವೇ ಸಂತಾನಶಕ್ತಿಯನ್ನು ಕಸಿಯುವುದು ವಿಪರ್ಯಾಸ.

ಇನ್ನು ನಿಮಿರುವಿಕೆಯ ತೊಂದರೆ. ದಣಿವು, ಮದ್ಯಪಾನ, ಮನಸ್ತಾಪ, ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಯ ಇಕ್ಕಟ್ಟು ಇವುಗಳಿಂದ ಒಮ್ಮೊಮ್ಮೆ ಹೀಗಾದರೆ ಅದು ರೋಗವಲ್ಲ. ತಿಂಗಳುಗಟ್ಟಲೆ ಮುಂದುವರಿದರೆ, ಅದರಲ್ಲಿಯೂ ನಲವತ್ತು ದಾಟಿದವರಲ್ಲಿ, ಅದನ್ನು ಶರೀರದ ಎಚ್ಚರಿಕೆಯೆಂದು ತಿಳಿಯಬೇಕು. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಕಿರಿದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು, ಧೂಮಪಾನಗಳಿಂದ ನಾಳಗಳು ಕೆಡುವಾಗ ಮೊದಲು ತೊಂದರೆ ಕಾಣುವುದು ಕಿರಿದಾದವುಗಳಲ್ಲಿ. ಹೃದಯದ ಸರದಿ ಕೆಲವು ವರ್ಷಗಳ ಅನಂತರ ಬರಬಹುದು. ಆದ್ದರಿಂದ ಇಂಥವರು ಮೊದಲು ಮಾಡಿಸಬೇಕಾದುದು ರಕ್ತದ ಸಕ್ಕರೆ ಮತ್ತು ರಕ್ತದೊತ್ತಡದ ಪರೀಕ್ಷೆ. ಮುಂದೊಗಲಿನಲ್ಲಿ ಪದೇ ಪದೇ ಉರಿ, ಬಿರುಕು, ಊತ ಬರುವುದು ಸಹ ಎಷ್ಟೋ ಜನರಲ್ಲಿ ಮಧುಮೇಹದ ಮೊದಲ ಗುರುತು.

ಆರು ಗಂಟೆಯ ಅವಧಿ

ಪೋಷಕರೂ ಹದಿಹರೆಯದ ಹುಡುಗರೂ ಅಗತ್ಯವಾಗಿ ತಿಳಿದಿರಬೇಕಾದ ತುರ್ತುಸ್ಥಿತಿಯೊಂದಿದೆ. ವೃಷಣವು ತನ್ನ ರಕ್ತನಾಳಗಳ ಹುರಿಯ ಸುತ್ತ ತಿರುಚಿಕೊಂಡರೆ ಅದಕ್ಕೆ ರಕ್ತ ಸಂಚಾರ ನಿಲ್ಲುತ್ತದೆ. ಹನ್ನೆರಡರಿಂದ ಹದಿನೆಂಟು ವರ್ಷದವರಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ ರಾತ್ರಿ ಮಲಗಿದಾಗ ಅಥವಾ ಆಟವಾಡುವಾಗ ಒಂದು ಬದಿಯಲ್ಲಿ ಹಠಾತ್ತನೆ ತೀವ್ರ ನೋವು, ಜೊತೆಗೆ ವಾಂತಿ. ವೃಷಣ ಮೇಲಕ್ಕೆ ಸೆಳೆದುಕೊಂಡಂತೆ ಕಾಣುತ್ತದೆ. ನಾಚಿಕೊಂಡ ಹುಡುಗ "ಹೊಟ್ಟೆ ನೋವು" ಎಂದಷ್ಟೇ ಹೇಳುತ್ತಾನೆ; ತಾಯಿ ಓಮದ ಕಷಾಯ ಕೊಡುತ್ತಾಳೆ; ಬೆಳಗಾಗಲಿ ಎಂದು ಮನೆಯವರು ಕಾಯುತ್ತಾರೆ. ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಬಹುಪಾಲು ಸಂದರ್ಭಗಳಲ್ಲಿ ವೃಷಣ ಉಳಿಯುತ್ತದೆ. ಇಪ್ಪತ್ತನಾಲ್ಕು ಗಂಟೆ ಕಳೆದರೆ ಉಳಿಯುವುದು ವಿರಳ. ನೋವಿನ ಗುಳಿಗೆ, ಎಣ್ಣೆ ತಿಕ್ಕುವುದು, ಬಿಸಿ ಶಾಖ ಯಾವುದೂ ಬೇಡ. ಅದೇ ಹೊತ್ತಿನಲ್ಲಿ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೊರಡಬೇಕು. ಹೊಟ್ಟೆ ನೋವೆಂದು ನರಳುವ ಹುಡುಗನನ್ನು "ಕೆಳಗೂ ನೋವಿದೆಯೇ?" ಎಂದು ಕೇಳುವುದನ್ನು ಮನೆಯವರು ರೂಢಿಸಿಕೊಳ್ಳಬೇಕು. ಆ ಒಂದು ಪ್ರಶ್ನೆ ಎಷ್ಟೋ ಸಲ ಅಂಗವನ್ನೇ ಉಳಿಸುತ್ತದೆ.

ನೋವಿಲ್ಲದ ಗಂಟು ಇದಕ್ಕೆ ತದ್ವಿರುದ್ಧವಾದದ್ದು. ನೋಯುವುದಿಲ್ಲವೆಂದು ಅಲಕ್ಷ್ಯ ಮಾಡುತ್ತಾರೆ. ಹದಿನೈದರಿಂದ ಮೂವತ್ತೈದು ವರ್ಷದ ಪುರುಷರಲ್ಲಿ ಕಾಣುವ ವೃಷಣ ಕ್ಯಾನ್ಸರ್ ಹೀಗೆಯೇ ಆರಂಭವಾಗುತ್ತದೆ. ತಿಂಗಳಿಗೊಮ್ಮೆ ಸ್ನಾನದ ವೇಳೆ ಬೆರಳುಗಳಿಂದ ಮೃದುವಾಗಿ ಮುಟ್ಟಿ ನೋಡಿಕೊಂಡರೆ ಗಟ್ಟಿಯಾದ ಭಾಗ ಗೊತ್ತಾಗುತ್ತದೆ. ಬೇಗ ಕಂಡುಹಿಡಿದರೆ ಪೂರ್ಣ ಗುಣವಾಗುವ ಕ್ಯಾನ್ಸರುಗಳಲ್ಲಿ ಇದೂ ಒಂದು.

ಮಕ್ಕಳಾಗದಿದ್ದಾಗ

ಮದುವೆಯಾಗಿ ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ ಪರೀಕ್ಷೆ, ಹರಕೆ, ನಿಂದೆ ಎಲ್ಲವೂ ಹೆಂಡತಿಯ ಪಾಲಿಗೆ ಬರುತ್ತವೆ. ಇಂಥ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಹೆಂಗಸು ಒಳಗಾಗುವ ಪರೀಕ್ಷೆಗಳಿಗೆ ಹೋಲಿಸಿದರೆ ವೀರ್ಯ ಪರೀಕ್ಷೆ ಸುಲಭ, ಅಗ್ಗ, ನೋವಿಲ್ಲದ್ದು. ಆದುದರಿಂದ ಅದೇ ಮೊದಲು ನಡೆಯಬೇಕು. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಮಾದರಿ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣುಗಳು ಕನಿಷ್ಠ ಉಲ್ಲೇಖ ಮಟ್ಟ. ಒಂದು ಸಲ ಕಡಿಮೆ ಬಂದ ಮಾತ್ರಕ್ಕೆ ಎದೆಗುಂದಬೇಕಿಲ್ಲ. ಕೆಲವು ವಾರಗಳ ನಂತರ ಇನ್ನೊಮ್ಮೆ ನೋಡಬೇಕು. ವೃಷಣದ ಸಿರೆಗಳು ಊದಿಕೊಳ್ಳುವ ವೇರಿಕೋಸೀಲ್, ಹರೆಯದಲ್ಲಿ ಬಂದ ಮಂಗನಬಾವು ವೃಷಣಕ್ಕೆ ಇಳಿದಿರುವುದು, ಚಿಕಿತ್ಸೆಯಿಲ್ಲದೆ ಬಿಟ್ಟ ಸೋಂಕು, ಗುಟ್ಕಾ, ಬೀಡಿ, ಮದ್ಯ ಇವು ಸಾಮಾನ್ಯ ಕಾರಣಗಳು.

ದುಡಿಯುವ ಸ್ಥಳದ ಕಾರಣಗಳನ್ನು ವೈದ್ಯರು ಕೇಳುವುದು ಕಡಿಮೆ, ಕಾರ್ಮಿಕರು ಹೇಳುವುದು ಇನ್ನೂ ಕಡಿಮೆ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಕೀಟನಾಶಕ ಕಾರ್ಖಾನೆಯೊಂದರ ಕಾರ್ಮಿಕರು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುವಾಗ, ತಮ್ಮ ವಿಭಾಗದ ಹಲವರಿಗೆ ಮಕ್ಕಳಾಗುತ್ತಿಲ್ಲವೆಂಬುದು ಬೆಳಕಿಗೆ ಬಂದಿತು. ಪರೀಕ್ಷಿಸಿದಾಗ ಡಿಬಿಸಿಪಿ ಎಂಬ ರಾಸಾಯನಿಕ ಅವರ ವೀರ್ಯಾಣುಗಳನ್ನು ನಾಶಮಾಡಿದ್ದುದು ಸಿದ್ಧವಾಯಿತು. ಒಬ್ಬೊಬ್ಬನೂ ಮನೆಯಲ್ಲೇ ಕೊರಗಿದ್ದರೆ ಅದು ಎಂದಿಗೂ ಗೊತ್ತಾಗುತ್ತಿರಲಿಲ್ಲ. ಸೀಸ, ರೇಯಾನ್ ನೂಲಿನ ತಯಾರಿಕೆಯಲ್ಲಿ ಬಳಸುವ ಕಾರ್ಬನ್ ಡೈಸಲ್ಫೈಡ್, ಕೆಲವು ದ್ರಾವಕಗಳು, ಕುಲುಮೆಯ ಮುಂದೆ ದಿನವಿಡೀ ನಿಲ್ಲುವ ಬಿಸಿ ಇವೆಲ್ಲ ಪುರುಷರ ಸಂತಾನಶಕ್ತಿಗೆ ಹಾನಿಕರವೆಂದು ಅಧ್ಯಯನಗಳು ತೋರಿಸಿವೆ. ಡೊಂಬಿವಲಿ, ಅಂಬರನಾಥದಂಥ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವವರು ವೈದ್ಯರ ಬಳಿ ಹೋದಾಗ ತಾವು ಯಾವ ವಸ್ತುವಿನೊಂದಿಗೆ ಕೆಲಸ ಮಾಡುತ್ತಾರೆ ಎಂಬುದನ್ನು ತಾವಾಗಿಯೇ ತಿಳಿಸಬೇಕು.

ಉಲ್ಹಾಸನಗರಕ್ಕೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ಸಂಗತಿ ಥಲಸ್ಸೀಮಿಯ. ಈ ಆನುವಂಶಿಕ ರಕ್ತದೋಷದ ವಾಹಕರು ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ. ಸಿಂಧಿ, ಪಂಜಾಬಿ ಮೊದಲಾದ ಕೆಲವು ಸಮುದಾಯಗಳಲ್ಲಿ ಇದಕ್ಕಿಂತ ಹೆಚ್ಚು. ವಾಹಕನಿಗೆ ಯಾವ ತೊಂದರೆಯೂ ಇರುವುದಿಲ್ಲ. ಗಂಡ ಹೆಂಡಿರಿಬ್ಬರೂ ವಾಹಕರಾಗಿದ್ದರೆ ಮಾತ್ರ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಸಂಭವದಷ್ಟು ಮಗುವಿಗೆ ತೀವ್ರ ರೋಗ ಬರಬಹುದು. ಆ ಮಗುವಿಗೆ ಜೀವನಪರ್ಯಂತ ರಕ್ತ ಕೊಡುತ್ತಿರಬೇಕು. ಮದುವೆಗೆ ಮುಂಚೆ ಒಂದು ರಕ್ತಪರೀಕ್ಷೆಯಿಂದ ಇದನ್ನು ತಿಳಿಯಬಹುದು. ವಧುವಿನ ಪರೀಕ್ಷೆಯನ್ನಷ್ಟೇ ಕೇಳುವ ವರನ ಕಡೆಯವರು ಅರ್ಧ ಉತ್ತರವನ್ನು ಮಾತ್ರ ಪಡೆಯುತ್ತಾರೆ.

ಸೋಂಕುಗಳು

ಮೂತ್ರನಾಳದಿಂದ ಕೀವು, ಉರಿ, ಅಂಗದ ಮೇಲೆ ಹುಣ್ಣು, ತೊಡೆಸಂದಿಯಲ್ಲಿ ಗಡ್ಡೆ ಕಂಡಾಗ ತಡಮಾಡಬಾರದು. ಸಿಫಿಲಿಸ್ ಹುಣ್ಣು ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ವಂಚನೆ ಇರುವುದು ಇಲ್ಲಿಯೇ: ಹುಣ್ಣು ಹೋಗುತ್ತದೆ, ರೋಗ ಒಳಗೆ ಉಳಿಯುತ್ತದೆ. ಔಷಧಿ ಅಂಗಡಿಯಿಂದ ತಂದ ಎರಡು ಗುಳಿಗೆ ಲಕ್ಷಣವನ್ನು ಅಡಗಿಸಬಹುದೇ ಹೊರತು ಸೋಂಕನ್ನಲ್ಲ. ಸಂಗಾತಿಗೂ ಅದೇ ಕಾಲದಲ್ಲಿ ಚಿಕಿತ್ಸೆಯಾಗದಿದ್ದರೆ ರೋಗ ಒಬ್ಬರಿಂದ ಒಬ್ಬರಿಗೆ ಮರಳುತ್ತಿರುತ್ತದೆ. ಸರ್ಕಾರಿ ಆಸ್ಪತ್ರೆಗಳ "ಸುರಕ್ಷಾ" ಚಿಕಿತ್ಸಾಲಯಗಳಲ್ಲಿ ಇದಕ್ಕೆ ಉಚಿತ ಔಷಧಿ ದೊರೆಯುತ್ತದೆ. ಎಚ್‌ಐವಿ ಪರೀಕ್ಷೆ ಉಚಿತ ಮತ್ತು ಗೋಪ್ಯ. 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ ಔಷಧಿಗಳನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. 1097 ಸಂಖ್ಯೆಗೆ ದೂರವಾಣಿ ಮಾಡಿ ಹೆಸರು ಹೇಳದೆ ಮಾಹಿತಿ ಪಡೆಯಬಹುದು. ಹದಿಹರೆಯದವರಿಗಾಗಿ ಕರ್ನಾಟಕದಲ್ಲಿ "ಸ್ನೇಹ", ಮಹಾರಾಷ್ಟ್ರದಲ್ಲಿ "ಮೈತ್ರಿ" ಎಂಬ ಹೆಸರಿನ ಸಲಹಾ ಕೇಂದ್ರಗಳಿವೆ.

ಕುಟುಂಬ ಯೋಜನೆಯಲ್ಲಿ ಪುರುಷನ ಪಾಲು

ಸರ್ಕಾರವೊಂದು ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿದ ಮೊತ್ತಮೊದಲ ನಿದರ್ಶನಗಳಲ್ಲಿ 1930ರ ಮೈಸೂರು ಸಂಸ್ಥಾನದ್ದು ಪ್ರಸಿದ್ಧ. ಕನ್ನಡಿಗರು ಹೆಮ್ಮೆ ಪಡಬಹುದಾದ ಈ ಆರಂಭದ ನಂತರದ ಕಥೆ ಅಷ್ಟು ಸಮನಾಗಿ ಸಾಗಲಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ ಸುಮಾರು 62 ಲಕ್ಷ ಪುರುಷರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ಅದರಲ್ಲಿ ಬಲವಂತದ್ದು ಬಹಳ. ಸಂತಾನಹರಣವನ್ನು ಕಡ್ಡಾಯಗೊಳಿಸುವ ಮಸೂದೆಯನ್ನು 1976ರಲ್ಲಿ ಮಹಾರಾಷ್ಟ್ರ ವಿಧಾನಮಂಡಲ ಅಂಗೀಕರಿಸಿತ್ತಾದರೂ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಲಿಲ್ಲ. ಆ ದಿನಗಳ ಭೀತಿ ಪುರುಷರ ಮನಸ್ಸಿನಿಂದ ಇನ್ನೂ ಮಾಸಿಲ್ಲ. ಭಾರವೆಲ್ಲ ಸ್ತ್ರೀಯರ ಮೇಲೆ ಬಿದ್ದಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ವಿವಾಹಿತ ಸ್ತ್ರೀಯರಲ್ಲಿ ಶೇಕಡ 37.9ರಷ್ಟು ಮಂದಿ ತಾವು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡಿರುವುದು ಶೇಕಡ 0.3 ಮಾತ್ರ.

ಸ್ತ್ರೀಯರ ಶಸ್ತ್ರಚಿಕಿತ್ಸೆಯಲ್ಲಿ ಉದರವನ್ನು ತೆರೆಯಬೇಕು. ಪುರುಷರದು ಅದಕ್ಕಿಂತ ಬಹಳ ಸರಳ. ಚೀನದ ವೈದ್ಯ ಲಿ ಷುನ್‌ಚಿಯಾಂಗ್ 1974ರಲ್ಲಿ ರೂಪಿಸಿದ ವಿಧಾನದಲ್ಲಿ ಚಾಕುವಿನ ಬಳಕೆಯೇ ಇಲ್ಲ, ಹೊಲಿಗೆಯೂ ಇಲ್ಲ. ಸ್ಥಳೀಯ ಅರಿವಳಿಕೆ ಕೊಟ್ಟು, ಚರ್ಮದಲ್ಲಿ ಒಂದು ಸಣ್ಣ ರಂಧ್ರ ಮಾಡಿ, ವೀರ್ಯಾಣುಗಳು ಸಾಗುವ ನಾಳವನ್ನು ಹೊರಗೆಳೆದು ಕಟ್ಟಿ ಕತ್ತರಿಸುತ್ತಾರೆ. ಹತ್ತು ಹದಿನೈದು ನಿಮಿಷಗಳ ಕೆಲಸ. ಅದೇ ದಿನ ಮನೆಗೆ ಹೋಗಬಹುದು. ವೃಷಣಗಳನ್ನು ತೆಗೆಯುವುದಿಲ್ಲ, ಹಾರ್ಮೋನು ರಕ್ತಕ್ಕೆ ಸೇರುವುದು ನಿಲ್ಲುವುದಿಲ್ಲ. ಹೀಗಾಗಿ ಆಸಕ್ತಿ, ನಿಮಿರುವಿಕೆ, ಭಾರ ಎತ್ತುವ ಶಕ್ತಿ ಯಾವುದೂ ಬದಲಾಗದು. ವೀರ್ಯದ ಪ್ರಮಾಣದಲ್ಲಿಯೂ ಗಮನಕ್ಕೆ ಬರುವಂಥ ವ್ಯತ್ಯಾಸವಿಲ್ಲ, ಏಕೆಂದರೆ ಅದರ ಬಹುಭಾಗ ಬೇರೆ ಗ್ರಂಥಿಗಳದು. ಇದನ್ನು ಶಾಶ್ವತ ವಿಧಾನವೆಂದೇ ಭಾವಿಸಿ, ದಂಪತಿಗಳು ಯೋಚಿಸಿ, ಸ್ವಇಚ್ಛೆಯಿಂದ ನಿರ್ಧರಿಸಬೇಕು.

ಶಸ್ತ್ರಚಿಕಿತ್ಸೆಯ ನಂತರ ಅನೇಕರು ಮಾಡುವ ತಪ್ಪೊಂದಿದೆ. ನಾಳವನ್ನು ಕತ್ತರಿಸಿದ ದಿನದಿಂದಲೇ ರಕ್ಷಣೆ ಆರಂಭವಾಗುವುದಿಲ್ಲ. ಕತ್ತರಿಸಿದ ಜಾಗದಿಂದ ಮುಂದೆ ಮೊದಲೇ ಸಾಗಿಹೋಗಿದ್ದ ವೀರ್ಯಾಣುಗಳು ಕೆಲಕಾಲ ಉಳಿದಿರುತ್ತವೆ. ಇದನ್ನರಿಯದೆ ಹೆಂಡತಿ ಗರ್ಭವತಿಯಾದಾಗ ಅವಳ ನಡತೆಯನ್ನು ಶಂಕಿಸಿ ಸಂಸಾರ ಮುರಿದುಕೊಂಡವರಿದ್ದಾರೆ. ಮೂರು ತಿಂಗಳು ಕಡ್ಡಾಯವಾಗಿ ನಿರೋಧ್ ಅಥವಾ ಬೇರೊಂದು ವಿಧಾನವನ್ನು ಬಳಸಬೇಕು. ಅನಂತರ ಆಸ್ಪತ್ರೆಗೆ ಹೋಗಿ ವೀರ್ಯ ಪರೀಕ್ಷೆ ಮಾಡಿಸಬೇಕು. ವೀರ್ಯಾಣುಗಳಿಲ್ಲವೆಂಬ ವರದಿ ಕೈಗೆ ಬಂದ ಮೇಲೆಯೇ ಬೇರೆ ವಿಧಾನವನ್ನು ನಿಲ್ಲಿಸಬಹುದು.